ಉತ್ತರಹಳ್ಳಿ ಫ್ಲ್ಯಾಟು, 11×16 ಹಾಲು: 65 ಇಂಚಾ 75 ಇಂಚಾ? ಹೋಮ್ ಥಿಯೇಟರ್ ಹೇಗೆ ಕೂರ್ಸೋದು?

ಉತ್ತರಹಳ್ಳಿ_ಹಾಲ್ · ಶನಿವಾರ ರಾತ್ರಿ 9:50

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತು ಕೇಳೇಬಿಡೋಣ ಅಂತ ಬರೀತಿದೀನಿ. ನಮ್ದು ಉತ್ತರಹಳ್ಳಿ ಹತ್ರ ಸ್ವಂತ ಫ್ಲ್ಯಾಟು, ಎರಡನೇ ಫ್ಲೋರು. ಹಾಲು 11 ಅಡಿ ಅಗಲ 16 ಅಡಿ ಉದ್ದ, ಬಲಗಡೆ ಕೊನೇಲಿ ಡೈನಿಂಗ್ ಟೇಬಲ್ಲು, ಟಿವಿ ಉದ್ದದ ಗೋಡೇಲಿ, ಸೋಫಾ ಅದರ ಎದುರು ಗೋಡೆಗೆ ಆನಿಸಿ ಇಟ್ಟಿದೀವಿ. ಈಗಿರೋದು ಹಳೇ 32 ಇಂಚಿನ ಎಚ್‌ಡಿ ರೆಡಿ ಟಿವಿ, ಹತ್ತು ವರ್ಷ ಆಯ್ತು.

ಬಜೆಟ್ಟು ಟಿವಿ ಸೌಂಡು ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ. ಇವತ್ತು ಒಂದು ಶೋರೂಮಿಗೆ ಹೋಗಿದ್ವಿ, ಅಲ್ಲಿ ಹುಡುಗ 75 ಇಂಚೇ ತಗೊಳ್ಳಿ ಸಾರ್, ಜೊತೆಗೆ ಒಂದು ಸೌಂಡ್‌ಬಾರ್ ಹಾಕೊಡ್ತೀನಿ, ಅಲ್ಲಿಗೆ ಹೋಮ್ ಥಿಯೇಟರ್ ಆಯ್ತು ಅಂದ. ದುಡ್ಡೆಲ್ಲಾ ಟಿವಿಗೇ ಹೋಗತ್ತೆ. ನನ್ನ ಮುಖ್ಯ ಚಿಂತೆ ಬೇರೆ, ಅಪ್ಪಂಗೆ 74 ವರ್ಷ, ಎಡಗಿವಿ ಮಂದ, ಸಿನಿಮಾ ಅಂದ್ರೆ ಪ್ರಾಣ, ಆದ್ರೆ ಈಗ "ಏನಂದ ಅವ್ನು, ಏನಂದ" ಅಂತ ಕೇಳಿ ಕೇಳಿ ಬೇಜಾರಾಗಿ ಅರ್ಧಕ್ಕೇ ಎದ್ದು ರೂಮಿಗೆ ಹೋಗ್ಬಿಡ್ತಾರೆ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಫೈಟು, ಮ್ಯೂಸಿಕ್ಕು ಮಾತ್ರ ಜೋರಾಗತ್ತೆ, ಮಾತು ಹಾಗೇ ಇರತ್ತೆ. ಅವ್ರು ಪೂರ್ತಿ ಸಿನಿಮಾ ಕೂತು ನೋಡೋ ಹಾಗೆ ಆಗ್ಬೇಕು, ಅಷ್ಟೇ ನನಗೆ ಬೇಕಾಗಿರೋದು. ದಯವಿಟ್ಟು ದಾರಿ ತೋರ್ಸಿ.

ಬಸವನಗುಡಿ_ಕಿವಿ · ಶನಿವಾರ ರಾತ್ರಿ 10:15

ಸರ್, ಒಳ್ಳೇ ಕಾರಣಕ್ಕೆ ಮಾಡ್ತಿದೀರ. ಏನೂ ಬುಕ್ ಮಾಡ್ಬೇಡಿ ಇನ್ನೂ. ಮೊದ್ಲು ಟೇಪ್ ತಗೊಂಡು ಮೂರು ಅಳತೆ ಹೇಳಿ. ಸೋಫಾದಲ್ಲಿ ಅಪ್ಪ ಕೂತಾಗ ಅವ್ರ ಕಣ್ಣಿಂದ ಟಿವಿ ಗೋಡೆಗೆ ಎಷ್ಟು, ನೆಲದಿಂದ ಅವ್ರ ಕಣ್ಣಿಗೆ ಎಷ್ಟು, ಟಿವಿ ಕೆಳಗಿರೋ ಯೂನಿಟ್ ಎಷ್ಟು ಎತ್ತರ. ಆಮೇಲೆ ಹಾಲಿನ ಮಧ್ಯ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಟಣ್ ಅಂತ ಬಾಲ ಬರತ್ತಾ ನೋಡಿ ಹೇಳಿ.

ಬಾಡಿಗೆಮನೆ_ಎಚ್‌ಎಸ್‌ಆರ್ · ಶನಿವಾರ ರಾತ್ರಿ 10:32

ನನ್ನ ಅಭಿಪ್ರಾಯ ಬೇರೆ. ಸೌಂಡ್‌ಬಾರ್ ಅಂದ್ರೆ ಇಲ್ಲಿ ಎಲ್ರೂ ಮುಖ ಸಿಂಡರಿಸ್ತಾರೆ, ಆದ್ರೆ ಐದು ವರ್ಷದಲ್ಲಿ ಮೂರು ಮನೆ ಬದಲಾಯ್ಸಿದೋನು ನಾನು, ಮೊದ್ಲನೇ ಮನೇಲಿ ಗೋಡೆಗೆ ನಾಲ್ಕು ತೂತು ಹಾಕಿದ್ದಕ್ಕೆ ಖಾಲಿ ಮಾಡೋವಾಗ ಪೇಂಟಿಂಗ್ ಜೊತೆ ಅದಕ್ಕೂ ಸೇರಿಸಿ ಅಡ್ವಾನ್ಸಲ್ಲಿ ಮುರ್ಕೊಂಡ್ರು. ಅವತ್ತಿಂದ ಟಿವಿ ಸ್ಟ್ಯಾಂಡ್ ಮೇಲೆ, 3.1 ಸೌಂಡ್‌ಬಾರು, ವೈರ್‌ಲೆಸ್ ಸಬ್‌ವೂಫರು (ಬೇಸ್, ಅಂದ್ರೆ ತಗ್ಗಿನ ದಪ್ಪ ಸದ್ದಿಗೇ ಅಂತ ಇರೋ ಡಬ್ಬಿ), ಎಲ್ಲಾ ಒಂದು ಗಂಟೇಲಿ ಪ್ಯಾಕ್ ಆಗತ್ತೆ. 2.1 ಮಾತ್ರ ತಗೋಬೇಡಿ, ಅದರಲ್ಲಿ ಎಡ ಬಲ ಎರಡು ಸ್ಪೀಕರು, ಒಂದು ಸಬ್‌ವೂಫರ್ ಅಷ್ಟೇ, 3.1ರಲ್ಲಿ ಮಧ್ಯ ಒಂದು ಬೇರೆ ಸೆಂಟರ್ ಸ್ಪೀಕರ್ ಇರತ್ತೆ, ಮಾತು ಅಲ್ಲಿಂದ ಬರತ್ತೆ, ಅದೇ ಮುಖ್ಯ.

ಬಸವನಗುಡಿ_ಕಿವಿ · ಶನಿವಾರ ರಾತ್ರಿ 10:41

ನೀವು ಹೇಳಿದ್ದು ಸರಿ ಇದೆ, ಬಾಡಿಗೆ ಮನೆಗೆ ನಾನೂ ಅದನ್ನೇ ಹೇಳ್ತಿದ್ದೆ. ಇವ್ರದು ಸ್ವಂತ ಮನೆ, ಕೇಬಲ್ ಎಳೀಬಹುದು, ಹತ್ತು ಹದಿನೈದು ವರ್ಷ ಉಳಿಯೋ ಸ್ಪೀಕರ್ ಹಾಕ್ಬಹುದು. ಟಿವಿ ಆರೇಳು ವರ್ಷಕ್ಕೆ ಬದಲಾಗತ್ತೆ, ಒಳ್ಳೇ ಸ್ಪೀಕರ್ ಹಂಗೇ ಇರತ್ತೆ.

ಉತ್ತರಹಳ್ಳಿ_ಹಾಲ್ · ಭಾನುವಾರ ಬೆಳಿಗ್ಗೆ 8:20

ಅಳ್ದೆ ಸರ್. ಅಪ್ಪನ ಕಣ್ಣಿಂದ ಗೋಡೆಗೆ ಒಂಬತ್ತೂಮುಕ್ಕಾಲು ಅಡಿ, ಟಿವಿ ದಪ್ಪ, ಮೌಂಟು ಕಳೆದ್ರೆ ಒಂಬತ್ತೂವರೆ. ನೆಲದಿಂದ ಕಣ್ಣಿಗೆ 41 ಇಂಚು. ಟಿವಿ ಯೂನಿಟ್ 22 ಇಂಚು ಎತ್ತರ. ಚಪ್ಪಾಳೆಗೆ ಚೆನ್ನಾಗೇ ಟಣ್ ಅಂತು, ನೆಲ ಪೂರ್ತಿ ವಿಟ್ರಿಫೈಡ್ ಟೈಲ್ಸು, ಬಾಲ್ಕನಿ ಕಡೆ ಮೂರು ಬಾಗಿಲ ಸ್ಲೈಡಿಂಗ್ ಗ್ಲಾಸು, ಗೋಡೇಲಿ ಒಂದು ಕ್ಯಾಲೆಂಡರ್ ಬಿಟ್ರೆ ಏನೂ ಇಲ್ಲ.

ಬಸವನಗುಡಿ_ಕಿವಿ · ಭಾನುವಾರ ಬೆಳಿಗ್ಗೆ 9:05

ಇದನ್ನ ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

ಟಿವಿ ಸೈಜಿಗೆ ಜನ ಬಳ್ಸೋ ಲೆಕ್ಕ ಸುಲಭ. ಪರದೆಯ ಮೂಲೆಯಿಂದ ಮೂಲೆಯ ಅಳತೆನ 1.2ರಿಂದ ಗುಣಿಸಿ ಬಂದಷ್ಟು ದೂರ ಕೂತ್ರೆ ಥಿಯೇಟರಲ್ಲಿ ಮುಂದೆ ಕೂತಂಗೆ ಸುಮಾರು 40 ಡಿಗ್ರಿ ಕಣ್ಣು ತುಂಬತ್ತೆ, 1.6ರಿಂದ ಗುಣಿಸಿದಷ್ಟು ದೂರ ಕೂತ್ರೆ ಹಿಂದಿನ ಸಾಲಲ್ಲಿ ಕೂತಂಗೆ 30 ಡಿಗ್ರಿ. ಈ ಎರಡರ ಮಧ್ಯ ಕೂತ್ರೆ ಚೆಂದ. 65 ಇಂಚಿಗೆ ಅದು ಆರೂವರೆ ಅಡಿಯಿಂದ ಎಂಟೂಮುಕ್ಕಾಲು ಅಡಿ. 75ಕ್ಕೆ ಏಳೂವರೆಯಿಂದ ಹತ್ತು ಅಡಿ. ಅಂದ್ರೆ ಆ ಶೋರೂಮ್ ಹುಡುಗ ಸುಳ್ಳು ಹೇಳಿಲ್ಲ, ನೀವು ಒಂಬತ್ತೂವರೆ ಅಡೀಲೇ ಕೂರೋದಾದ್ರೆ 75 ಸರಿಯಾದ ಸೈಜೇ.

ಆದ್ರೆ ನಾನು ಕೇಳೋದು, ಅಲ್ಲೇ ಯಾಕೆ ಕೂರ್ಬೇಕು? ಸೋಫಾನ ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೀರಿ. ಈಗ ಎಂಟು ಅಡಿ ಆಯ್ತು. ಎಂಟು ಅಡೀಲಿ 65 ಇಂಚು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣತ್ತೋ, ಒಂಬತ್ತೂವರೆ ಅಡೀಲಿ 75 ಹೆಚ್ಚುಕಮ್ಮಿ ಅಷ್ಟೇ ಕಾಣತ್ತೆ. ಸೋಫಾ ಎಳ್ಯೋದಕ್ಕೆ ದುಡ್ಡಿಲ್ಲ. 75ಕ್ಕೂ 65ಕ್ಕೂ ಇರೋ ವ್ಯತ್ಯಾಸದ ದುಡ್ಡು ಪೂರ್ತಿ ಸ್ಪೀಕರಿಗೆ ಸಿಗತ್ತೆ.

ಸೌಂಡಿಗಂತೂ ಇದು ಇನ್ನೂ ಮುಖ್ಯ. ಗೋಡೆಗೆ ಒರಗಿಕೊಂಡು ಕೂತ್ರೆ ಬೇಸ್ ಯಾವಾಗ್ಲೂ ಉಬ್ಬಿ ಕೇಳತ್ತೆ, ಯಾಕಂದ್ರೆ ಎದುರುಬದುರು ಗೋಡೆ ಮಧ್ಯ ಸದ್ದು ಅಲೆ ಕಟ್ಟಿ ನಿಲ್ಲತ್ತೆ, ಅದರ ಒತ್ತಡ ಗೋಡೆ ಹತ್ರಾನೇ ಜಾಸ್ತಿ. ನಿಮ್ಮ 11 ಅಡಿಗೆ ಲೆಕ್ಕ ಹಾಕಿದ್ರೆ ಸುಮಾರು 51 ಹರ್ಟ್ಸ್ ಹತ್ರ ಆ ಗುಮ್ಮು ಬರತ್ತೆ, ಬಸ್ಸಿನ ಎಂಜಿನ್ ಗುರ್ ಅನ್ನೋ ಥರದ ಸದ್ದು. ಆ ಗುಮ್ಮಿನ ಕೆಳಗೆ ಮಾತು ಮುಚ್ಚಿಹೋಗತ್ತೆ. ಅಪ್ಪಂಗೆ ಕೇಳಿಸ್ದೆ ಇರೋದಕ್ಕೆ ಕಿವಿ ಒಂದೇ ಕಾರಣ ಅಲ್ಲ ಸರ್, ಕೂತಿರೋ ಜಾಗಾನೂ ಕಾರಣ. ಜೊತೆಗೆ ಪಕ್ಕದಿಂದ ಸದ್ದು ಕೊಡೋ ಸರೌಂಡ್ ಸ್ಪೀಕರು ಕಿವಿಗಿಂತ ಸ್ವಲ್ಪ ಹಿಂದೆ, ನೇರ ಟಿವಿ ಕಡೆ ಸೊನ್ನೆ ಅಂತಿಟ್ಕೊಂಡ್ರೆ 110ರಿಂದ 120 ಡಿಗ್ರೀಲಿ ಇರ್ಬೇಕು, ತಲೆ ಹಿಂದೆ ಗೋಡೇನೇ ಇದ್ರೆ ಎಲ್ಲಿಡ್ತೀರ?

ಮೊದ್ಲು ಕೂರೋ ಜಾಗ ಗಟ್ಟಿ ಮಾಡ್ಕೊಳ್ಳಿ, ಟಿವಿ ಆಮೇಲೆ.

ಉತ್ತರಹಳ್ಳಿ_ಹಾಲ್ · ಭಾನುವಾರ ಬೆಳಿಗ್ಗೆ 11:30

ಸರ್ ಇದು ನನಗೆ ಹೊಳ್ದೇ ಇರ್ಲಿಲ್ಲ. ಅಮ್ಮನ ಹತ್ರ ಹೇಳ್ದೆ, ಸೋಫಾ ಹಿಂದೆ ಜಾಗ ಬಿಟ್ರೆ ಕಸ ಗುಡ್ಸೋದು ಯಾರು, ಬಂದೋರು ನೋಡಿದ್ರೆ ಮನೆ ಇನ್ನೂ ಶಿಫ್ಟಿಂಗಲ್ಲಿದೆ ಅಂದ್ಕೋತಾರೆ ಅಂದ್ರು. ಒಂದು ವಾರ ಹಾಗೇ ಇಟ್ಟು ನೋಡೋಣ ಅಂತ ಒಪ್ಪಿಸಿದೀನಿ. ಟಿವಿ ಮುಂದೆ ಓಡಾಡೋಕೆ ಆರಡಿಗಿಂತ ಜಾಸ್ತಿ ಉಳಿದಿದೆ, ತೊಂದ್ರೆ ಇಲ್ಲ.

ವೈರಿಂಗ್_ಕೆಲಸ · ಭಾನುವಾರ ಮಧ್ಯಾಹ್ನ 1:10

ಸರ್, ನಾನು ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲಿ ವೈರಿಂಗ್ ಮಾಡ್ತಿದೀನಿ, ಟಿವಿ ತರೋ ಮುಂಚೆ ಇವಿಷ್ಟು ನೋಡ್ಕೊಳ್ಳಿ.

ಗೋಡೆ ಯಾವ್ದು ಅಂತ ಬಿಲ್ಡರ್ ಹತ್ರ ಕೇಳಿ. ಹಳೇ ಮನೆಗಳಲ್ಲಿ ಇಟ್ಟಿಗೆ, ಅದಕ್ಕೆ ರಾಲ್ ಪ್ಲಗ್ಗು ಹಾಕಿ ಸ್ಕ್ರೂ ಬಿಗಿದ್ರೆ ಸಾಕು. ಈಗಿನ ಎಷ್ಟೋ ಅಪಾರ್ಟ್‌ಮೆಂಟಲ್ಲಿ ಹಗುರದ ಎಎಸಿ ಬ್ಲಾಕು, ಮಾಮೂಲಿ ಪ್ಲಗ್ಗು ಪುಡಿಪುಡಿಯಾಗಿ ಸಡಿಲ ಆಗತ್ತೆ, ಅದಕ್ಕೇ ಅಂತ ಬರೋ ಉದ್ದದ ಆಂಕರ್ ಹಾಕ್ಬೇಕು. ಮಿವಾನ್ ಗೋಡೆ ಆದ್ರೆ, ಅಂದ್ರೆ ಅಲ್ಯೂಮಿನಿಯಂ ಶೀಟ್ ನಿಲ್ಲಿಸಿ ಇಡೀ ಗೋಡೇನೇ ಕಾಂಕ್ರೀಟಲ್ಲಿ ಸುರಿದಿರೋದು, ಟಿವಿ ಬಂಡೆ ಥರ ನಿಲ್ಲತ್ತೆ ಆದ್ರೆ ಪೈಪಿಗೋಸ್ಕರ ಆ ಗೋಡೆ ಕಟ್ ಮಾಡೋಕೆ ಯಾವ ಕಾರಣಕ್ಕೂ ಹೋಗ್ಬೇಡಿ, ಒಳಗೆ ಕಬ್ಬಿಣ ಇರತ್ತೆ, ಅದು ಬಿಲ್ಡಿಂಗ್ ಹೊತ್ತಿರೋ ಗೋಡೆ. ಅಲ್ಲಿ ಪಿವಿಸಿ ಕೇಸಿಂಗ್ ಹಾಕಿ ಸ್ಕರ್ಟಿಂಗ್ ಮೇಲೇ ವೈರ್ ಓಡ್ಸಿ, ಗೋಡೆ ಬಣ್ಣಾನೇ ಹೊಡೆದ್ರೆ ಕಾಣಲ್ಲ. ಬ್ಲಾಕ್ ಗೋಡೆ ಆದ್ರೆ ಒಳಗೆ ಪೈಪ್ ಹಾಕ್ಬಹುದು, ಆದ್ರೆ ಎಚ್‌ಡಿಎಂಐ ಕೇಬಲ್ ತಲೆ ದಪ್ಪ ಇರತ್ತೆ, ಮುಕ್ಕಾಲು ಇಂಚಿನ ಪೈಪಲ್ಲಿ ಬೆಂಡ್ ದಾಟಲ್ಲ, ಒಂದೂವರೆ ಇಂಚಿಂದು ಹಾಕ್ಸಿ, ಒಳಗೆ ಒಂದು ದಾರ ಬಿಟ್ಟಿರಿ, ನಾಳೆ ಕೇಬಲ್ ಬದಲಾಯ್ಸೋಕೆ ಬೇಕಾಗತ್ತೆ.

ಸ್ಪೀಕರ್ ವೈರು 16 ಗೇಜ್ ಸಾಕು ನಿಮ್ಮ ಹಾಲಿಗೆ. ಎಸ್‌ಪಿ ರೋಡಲ್ಲಿ ಬಂಡಲ್ ಸಿಗತ್ತೆ ಆದ್ರೆ ಚಾಕುಲಿ ಒಂದು ಎಳೆ ಕೆರೆದು ನೋಡಿ ತಗೊಳ್ಳಿ. ಒಳಗೆ ಬೆಳ್ಳಗೆ ಕಂಡ್ರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪ ಮಾಡಿರೋದು, ಮುರಿಯತ್ತೆ, ತುದಿ ಕಪ್ಪಾಗತ್ತೆ. ಪೂರ್ತಿ ಕೆಂಪಗಿದ್ರೆ ಮಾತ್ರ ತಗೊಳ್ಳಿ.

ಕೊನೇದು ಅರ್ತಿಂಗು. ಮೀಟರ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ಲಿಗೂ ಅರ್ತಿಗೂ ಮಧ್ಯ ಎಷ್ಟು ವೋಲ್ಟ್ ಇದೆ ನೋಡ್ಸಿ, ಎರಡು ಮೂರರ ಮೇಲೆ ಹೋದ್ರೆ ಸರಿ ಮಾಡ್ಸಿ. ಸಬ್‌ವೂಫರ್ ಸುಮ್ಮನೆ ಇರುವಾಗ್ಲೂ ಹೂಂ ಅಂತ ಸದ್ದು ಬರ್ತಿದ್ರೆ ಎಷ್ಟೋ ಸಲ ಅರ್ತಿಂಗ್ ಕಡೇನೇ ನೋಡ್ಬೇಕಾಗತ್ತೆ.

ಕೆಂಗೇರಿ_ಮಳೆ · ಭಾನುವಾರ ಮಧ್ಯಾಹ್ನ 2:25

ಅರ್ತಿಂಗ್ ಮಾತು ಬಂತಲ್ಲ ಅದಕ್ಕೆ ಹೇಳ್ತೀನಿ, ಎರಡು ವರ್ಷದ ಹಿಂದೆ ಏಪ್ರಿಲ್ ಸಾಯಂಕಾಲ ಗುಡುಗು ಸಿಡಿಲು ಜೋರಾಯ್ತು, ನಾನು ಸ್ವಿಚ್ ಆಫ್ ಮಾಡಿ ಪ್ಲಗ್ಗೂ ಕಿತ್ತಿದ್ದೆ, ಆದ್ರೆ ಮೇಲಿನ ಡಿಶ್ಶಿಂದ ಸೆಟ್‌ಟಾಪ್ ಬಾಕ್ಸಿಗೆ ಬರೋ ಕೇಬಲ್ ಕೀಳೋದು ಮರ್ತೆ. ಸಿಡಿಲು ಅದರಲ್ಲೇ ಇಳಿದು ಬಾಕ್ಸು, ಟಿವಿಯ ಎಚ್‌ಡಿಎಂಐ ಪೋರ್ಟು, ಅದಕ್ಕೆ ಹಾಕಿದ್ದ, ಸ್ಪೀಕರ್‌ಗಳನ್ನೆಲ್ಲಾ ಓಡ್ಸೋ ರಿಸೀವರು ಮೂರೂ ಹೋಯ್ತು. ಸ್ಪೈಕ್ ಗಾರ್ಡ್ ಇತ್ತು, ಅದು ಕರೆಂಟ್ ದಾರಿ ಮಾತ್ರ ಕಾಯತ್ತೆ, ಡಿಶ್ ದಾರಿ ಅಲ್ಲ. ಮಳೆ ಮೋಡ ಕಟ್ಟಿದ ತಕ್ಷಣ ಎರಡನ್ನೂ ಕೀಳಿ.

ಕೆಳಗಿನ_ಮನೆಯವಳು · ಭಾನುವಾರ ಸಂಜೆ 6:40

ನಾನು ಹೋಮ್ ಥಿಯೇಟರ್ ಇಟ್ಕೊಂಡವಳಲ್ಲ, ಅದರ ಕೆಳಗೆ ಬದುಕ್ತಿರೋಳು. ನಮ್ಮ ಮೇಲಿನ ಫ್ಲ್ಯಾಟಲ್ಲಿ ರಾತ್ರಿ ಹನ್ನೊಂದಾದ್ರೂ ಸಬ್‌ವೂಫರ್ ದಬ್ ದಬ್ ಅಂತಿರತ್ತೆ. ಮಾತು ಹಾಡು ಏನೂ ಕೇಳಲ್ಲ ನಮಗೆ, ಬರೀ ಆ ದಬ್ಬು ಮಂಚಕ್ಕೆ ಬರತ್ತೆ. ಮಗು ಬೆಚ್ಚಿ ಏಳತ್ತೆ. ಹೇಳಿದ್ರೆ "ನಾವು ವಾಲ್ಯೂಮ್ ಕಮ್ಮೀನೇ ಇಟ್ಟಿದೀವಿ" ಅಂತಾರೆ, ಅವ್ರಿಗೆ ನಿಜವಾಗ್ಲೂ ಹಾಗೇ ಅನ್ಸತ್ತೆ ಕೂಡ. ನೀವೆಲ್ಲಾ ಸ್ಪೀಕರ್ ಬಗ್ಗೆ ಇಷ್ಟು ಪ್ರೀತಿಯಿಂದ ಬರೀತೀರ, ಸ್ಲ್ಯಾಬಿನ ಕೆಳಗೂ ಜನ ಇದ್ದಾರೆ ಅಂತ ಒಂದು ಸಾಲು ಬರೀರಿ.

ಬಸವನಗುಡಿ_ಕಿವಿ · ಭಾನುವಾರ ಸಂಜೆ 7:15

ಮೇಡಂ, ಬರೀದೇ ಹೋಗಿದ್ದು ನನ್ನ ತಪ್ಪು. ಸದ್ದಿನ ಕಾಯ್ದೆ ಪ್ರಕಾರ ಮನೆಗಳಿರೋ ಕಡೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಬೇಸ್ ಗಾಳೀಲಿ ಹೋಗೋದಕ್ಕಿಂತ ಸ್ಲ್ಯಾಬು ಪಿಲ್ಲರಲ್ಲಿ ಜಾಸ್ತಿ ಇಳಿಯತ್ತೆ, ಅದಕ್ಕೇ ಮೇಲಿನವ್ರಿಗೆ ಕಮ್ಮಿ ಅನ್ಸೋದು ಕೆಳಗೆ ಜೋರು.

ಉತ್ತರಹಳ್ಳಿ ಸರ್, ನೀವು ಸಬ್ ಸಣ್ಣದು ತಗೊಳ್ಳಿ, 8 ಇಂಚಿಂದು, ಮುಚ್ಚಿದ ಡಬ್ಬಿ ಥರದ್ದು, ನಿಮ್ಮ ಹಾಲಿಗೆ ಅದೇ ಸಾಕು. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಸ್ವಲ್ಪ ಕಮ್ಮಿ ಮಾಡತ್ತೆ, ಪೂರ್ತಿ ನಿಲ್ಸಲ್ಲ. ಹತ್ತು ಗಂಟೆ ಆದ್ಮೇಲೆ ಸಬ್ಬನ್ನ ಆಫ್ ಮಾಡೋದೇ ಸರಿಯಾದ ದಾರಿ. ರಿಸೀವರಲ್ಲಿ ನೈಟ್ ಮೋಡ್ ಅಂತ ಇರತ್ತೆ, ಹಾಕಿದ್ರೆ ಜೋರಿನ ಸದ್ದು ಇಳಿಯತ್ತೆ, ಪಿಸುಮಾತು ಏರತ್ತೆ. ಅದು ನಿಮ್ಮ ಅಪ್ಪಂಗೆ ಹಗಲಲ್ಲೂ ಉಪಯೋಗ.

ಸಬ್ ಎಲ್ಲಿಡ್ಬೇಕು ಅನ್ನೋದಕ್ಕೆ ಒಂದು ಹಳೇ ಉಪಾಯ ಇದೆ. ಸಬ್ಬನ್ನ ತಗೊಂಡೋಗಿ ಅಪ್ಪ ಕೂರೋ ಜಾಗದಲ್ಲಿ ಸೋಫಾ ಮೇಲೇ ಇಡಿ, ಬೇಸ್ ಇರೋ ಹಾಡು ಹಾಕಿ, ನೀವು ನೆಲದ ಮೇಲೆ ಮಂಡಿಯೂರಿ ಗೋಡೆ ಪಕ್ಕದಲ್ಲೇ ಓಡಾಡಿ. ಎಲ್ಲಿ ಬೇಸ್ ಗುಮ್ಮನ್ನದೆ ಸಮನಾಗಿ ಕೇಳತ್ತೋ ಅಲ್ಲಿ ಸಬ್ ಇಡಿ.

ಕೆಳಗಿನ_ಮನೆಯವಳು · ಭಾನುವಾರ ಸಂಜೆ 7:50

ಥ್ಯಾಂಕ್ಸ್ ಸರ್. ನೈಟ್ ಮೋಡ್ ವಿಷ್ಯ ನಾಳೆ ಮೇಲಿನವ್ರಿಗೆ ಹೇಳ್ತೀನಿ, ಜಗಳ ಇಲ್ದೆ ಮಾತಾಡೋಕೆ ಏನೋ ಒಂದು ಸಿಕ್ತು.

ಮಲ್ಲೇಶ್ವರ_ಹಳೇಮನೆ · ಸೋಮವಾರ ಬೆಳಿಗ್ಗೆ 7:30

ಪ್ಯಾನೆಲ್, ಅಂದ್ರೆ ಪರದೆ ಯಾವ ಥರದ್ದು ಅನ್ನೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. ನಿಮ್ಮನೇಲಿ ಬೆಳಿಗ್ಗೆ ನ್ಯೂಸ್ ಹಾಕ್ತಾರಾ? ನಮ್ಮ ಮಾವ ಆರು ಗಂಟೆಗೆ ಹಾಕಿದ್ರೆ ಹತ್ತರವರೆಗೂ ಒಂದೇ ಚಾನೆಲ್ಲು, ಕೆಳಗೆ ಎರಡು ಸಾಲು ಓಡೋ ಅಕ್ಷರ, ಮೂಲೇಲಿ ಲೋಗೋ. ಅಂಥ ಮನೇಲಿ ಪ್ರತಿ ಚುಕ್ಕೀನೂ ತಾನೇ ಬೆಳಗೋ ಓಲೆಡ್ ತಗೊಂಡ್ರೆ ವರ್ಷಗಳ ಮೇಲೆ ಆ ಪಟ್ಟಿಯ ಕಲೆ ಪರದೇಲಿ ಉಳಿಯೋ ಸಾಧ್ಯತೆ ಇದೆ. ಬಣ್ಣ, ಕಪ್ಪು ಓಲೆಡ್ಡಲ್ಲಿ ಅದ್ಭುತ, ಕತ್ಲಲ್ಲಿ ಸಿನಿಮಾ ಮಾತ್ರ ನೋಡೋರು ಧಾರಾಳವಾಗಿ ತಗೊಳ್ಳಿ. ನಿಮ್ಮ ಹಾಲಲ್ಲಿ ಬಾಲ್ಕನಿ ಬೆಳಕು ನೇರ ಬೀಳತ್ತೆ, ನೀವು ಎಲ್‌ಇಡಿ ಅಥವಾ ಬಜೆಟ್ ಬಂದ್ರೆ ಪರದೆ ಹಿಂದೆ ಸಣ್ಣ ಸಣ್ಣ ದೀಪ ಜಾಸ್ತಿ ಇರೋ ಮಿನಿ ಎಲ್‌ಇಡಿ ತಗೊಳ್ಳಿ. ಅದರಲ್ಲೂ ವಿಎ ಪ್ಯಾನೆಲ್ ಆದ್ರೆ ಕಪ್ಪು ಚೆನ್ನಾಗಿ ಬರತ್ತೆ, ಪಕ್ಕದಿಂದ ನೋಡಿದ್ರೆ ಬಣ್ಣ ತೊಳೆದಂಗೆ ಆಗತ್ತೆ. ಐಪಿಎಸ್ ಆದ್ರೆ ಡೈನಿಂಗ್ ಟೇಬಲ್ಲಿಂದ ಓರೆಯಾಗಿ ನೋಡಿದ್ರೂ ಸರಿ ಕಾಣತ್ತೆ, ಕಪ್ಪು ಸ್ವಲ್ಪ ಬೂದು. ಊಟ ಮಾಡ್ತಾ ಟಿವಿ ನೋಡೋ ಮನೇನಾ ಅನ್ನೋದ್ರ ಮೇಲೆ ಆರಿಸ್ಕೊಳ್ಳಿ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೇ ಬೆಲೆ ಇಟ್ಕೊಂಡು ಅದರ ಮೇಲೆ ಡಿಸ್ಕೌಂಟ್ ತೋರಿಸ್ತಿದ್ದಾರಾ ನೋಡಿ.

ಟಿವಿ ಬಂದ ದಿನ ಮಾಡೋ ಮೊದಲ ಕೆಲಸ, ವಿವಿಡ್ ಮೋಡ್ ತೆಗೆದು ಸಿನಿಮಾ ಮೋಡಿಗೋ ಫಿಲ್ಮ್‌ಮೇಕರ್ ಮೋಡಿಗೋ ಹಾಕಿ. ಮೊದಲೆರಡು ದಿನ ಹಳದಿ ಅನ್ಸತ್ತೆ, ಕಣ್ಣು ಹೊಂದ್ಕೊಂಡ್ಮೇಲೆ ಮುಖದ ಬಣ್ಣ ಮುಖದ ಬಣ್ಣದ ಥರಾನೇ ಕಾಣತ್ತೆ. ಮೋಷನ್ ಸ್ಮೂತಿಂಗ್ ಆಫ್ ಮಾಡಿ, ಅದಿದ್ರೆ ಸಿನಿಮಾ ಧಾರಾವಾಹಿ ಥರ ಕಾಣತ್ತೆ. ಮತ್ತೆ ಅಣ್ಣಾವ್ರ ಹಳೇ ಕಪ್ಪುಬಿಳುಪು ಸಿನಿಮಾಗಳನ್ನ ದಯವಿಟ್ಟು ಎಳೆದು ಪರದೆ ತುಂಬಿಸ್ಬೇಡಿ. ಆಗಿನ ಚೌಕಟ್ಟು ಹೆಚ್ಚುಕಮ್ಮಿ 4:3, ಎರಡೂ ಪಕ್ಕ ಕಪ್ಪು ಪಟ್ಟಿ ಬರ್ಲಿ, ಇರ್ಲಿ. ಎಳೆದ್ರೆ ಎಲ್ರ ಮುಖಾನೂ ಊದ್ಕೊಂಡಂಗೆ ಕಾಣತ್ತೆ, ನನಗೆ ಅದನ್ನ ನೋಡಕ್ಕಾಗಲ್ಲ.

ಉತ್ತರಹಳ್ಳಿ_ಹಾಲ್ · ಬುಧವಾರ ರಾತ್ರಿ 9:15

ಮೇಡಂ, ನಮ್ಮನೇಲೂ ಬೆಳಿಗ್ಗೆ ನ್ಯೂಸೇ. ಓಲೆಡ್ ಬಿಟ್ಟೆ. 65 ಇಂಚಿನ 4ಕೆ ವಿಎ ಪ್ಯಾನೆಲ್ಲೇ ನೋಡಿಟ್ಟಿದೀನಿ. ಸೋಫಾ ನಾಲ್ಕು ದಿನದಿಂದ ಮುಂದೇನೇ ಇದೆ, ಅಮ್ಮ ಹಿಂದಿನ ಜಾಗದಲ್ಲಿ ಇಸ್ತ್ರಿ ಟೇಬಲ್ ಮಡಚಿ ಇಟ್ಟಿದ್ದಾರೆ, ಅಂದ್ರೆ ಒಪ್ಪಿದ್ದಾರೆ ಅಂತ್ಲೇ ಲೆಕ್ಕ.

ಈಗ ಕನೆಕ್ಷನ್ನು ಅರ್ಥ ಆಗ್ತಿಲ್ಲ. ಆರ್ಕು, ಇ-ಆರ್ಕು ಅಂತ ಬರತ್ತಲ್ಲ, ಇ-ಆರ್ಕ್ ಇಲ್ದೆ ಇದ್ರೆ ಡಾಲ್ಬಿ ಅಟ್ಮಾಸ್, ಅದೇ ತಲೆ ಮೇಲಿಂದಾನೂ ಸದ್ದು ಬರೋದು, ಬರಲ್ವಾ? ಸೆಟ್‌ಟಾಪ್ ಬಾಕ್ಸ್ ಟಿವಿಗೆ ಹಾಕೋದಾ ರಿಸೀವರಿಗೆ ಹಾಕೋದಾ? ಮತ್ತೆ ಟಿವಿ ಯೂನಿಟ್ 22 ಇಂಚು ಇದ್ಯಲ್ಲ, ಸೆಂಟರ್ ಸ್ಪೀಕರ್ ಎಲ್ಲಿ ಕೂರತ್ತೆ?

ಬಸವನಗುಡಿ_ಕಿವಿ · ಬುಧವಾರ ರಾತ್ರಿ 10:05

ಇಸ್ತ್ರಿ ಟೇಬಲ್ ಬಂತು ಅಂದ್ರೆ ಸೋಫಾ ಇನ್ನು ಹಿಂದೆ ಹೋಗಲ್ಲ ಬಿಡಿ, ಖುಷಿಯಾಯ್ತು.

ಕನೆಕ್ಷನ್ ಹೀಗೆ. ಸೆಟ್‌ಟಾಪ್ ಬಾಕ್ಸು, ಮುಂದೆ ಬ್ಲೂ-ರೇ ಪ್ಲೇಯರೋ ಗೇಮ್ ಕನ್ಸೋಲೋ ಬಂದ್ರೆ ಅದೂ, ಎಲ್ಲಾ ರಿಸೀವರಿಗೆ. ರಿಸೀವರಿಂದ ಟಿವಿಗೆ ಒಂದೇ ಎಚ್‌ಡಿಎಂಐ ಕೇಬಲ್ಲು, ಟಿವೀಲಿ ಆರ್ಕ್ ಅಂತ ಬರ್ದಿರೋ ಪೋರ್ಟಿಗೇ ಹಾಕ್ಬೇಕು, ಬೇರೆದಕ್ಕೆ ಹಾಕಿದ್ರೆ ಟಿವಿಯೊಳಗಿನ ಆ್ಯಪ್‌ಗಳ ಸೌಂಡ್ ವಾಪಸ್ ಬರಲ್ಲ. ಹೋಗೋದು ಚಿತ್ರ, ಬರೋದು ಸೌಂಡು, ಒಂದೇ ವೈರಲ್ಲಿ. ಆರ್ಕ್ ಬಂದಿದ್ದು ಎಚ್‌ಡಿಎಂಐ 1.4ರ ಜೊತೆ 2009ರಲ್ಲಿ, ಇ-ಆರ್ಕ್ 2.1ರ ಜೊತೆ 2017ರಲ್ಲಿ. ಒಟಿಟಿಲಿ ಬರೋ ಅಟ್ಮಾಸು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಸುತ್ತಿಕೊಂಡು ಬರತ್ತೆ, ಅದು ಮಾಮೂಲಿ ಆರ್ಕಲ್ಲೂ ಹೋಗತ್ತೆ. ಡಿಸ್ಕಲ್ಲಿರೋ ಡಾಲ್ಬಿ ಟ್ರೂ-ಎಚ್‌ಡಿ ಥರದ ಭಾರೀ ಸೌಂಡಿಗೆ ಮಾತ್ರ ಇ-ಆರ್ಕ್ ಬೇಕು, ಅದೂ ಪ್ಲೇಯರನ್ನ ಟಿವಿಗೆ ಹಾಕಿದ್ರೆ. ನೀವು ನೇರ ರಿಸೀವರಿಗೆ ಹಾಕ್ತೀರಲ್ಲ, ಆ ಪ್ರಶ್ನೇನೇ ಬರಲ್ಲ. ಅಟ್ಮಾಸ್ ಸರಿಯಾಗಿ ಬರೋಕೆ ಸೀಲಿಂಗ್ ಸ್ಪೀಕರೋ ಸೀಲಿಂಗಿಗೆ ಸದ್ದು ಬಡಿಸೋ ಸ್ಪೀಕರೋ ಬೇಕು, ಈಗ ಬಿಡಿ, ಮೊದ್ಲು 5.1, ಅಂದ್ರೆ ಮುಂದೆ ಮೂರು, ಸರೌಂಡ್ ಎರಡು, ಒಂದು ಸಬ್ಬು, ಅಚ್ಚುಕಟ್ಟಾಗಿ ಆಗ್ಲಿ.

ಸೆಂಟರ್ ಬಗ್ಗೆ ಗಮನ ಇಟ್ಟು ಓದಿ. ಸಿನಿಮಾದ ಮಾತು ಬಹುಪಾಲು ಬರೋದು ಆ ಒಂದು ಡಬ್ಬೀಲೇ, ನಿಮ್ಮ ಬಜೆಟ್ಟಲ್ಲಿ ಎಲ್ಲಾದ್ರೂ ಸ್ವಲ್ಪ ಜಾಸ್ತಿ ಹಾಕೋದಿದ್ರೆ ಅಲ್ಲಿ ಹಾಕಿ. ಟಿವಿಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ಕೆಳಮುಖ ಇರತ್ತೆ, ಮಾತು ಮೊದ್ಲು ಯೂನಿಟ್ಟಿಗೆ ಬಡಿದು ಆಮೇಲೆ ನಿಮ್ಮ ಹತ್ರ ಬರತ್ತೆ, ಅದಕ್ಕೇ ಮಂಕು. 65 ಇಂಚಿನ ಟಿವಿ ಎತ್ತರ ಸುಮಾರು 32 ಇಂಚು. ಪರದೆಯ ನಡು ಅಪ್ಪನ ಕಣ್ಣಿನ ಎತ್ತರಕ್ಕೆ, 41 ಇಂಚಿಗೆ ಬಂದ್ರೆ ಟಿವಿಯ ತಳ 25 ಇಂಚಲ್ಲಿ. ನಿಮ್ಮ ಯೂನಿಟ್ 22, ಉಳಿದಿದ್ದು ಮೂರು ಇಂಚು, ಆರೇಳು ಇಂಚಿನ ಸೆಂಟರ್ ಕೂರಲ್ಲ. 16 ಇಂಚಿನ ಯೂನಿಟ್ ಮಾಡಿಸಿದ್ರೆ ಸರಿಯಾಗಿ ಕೂರತ್ತೆ. ಬೇಡ ಅಂದ್ರೆ ಟಿವೀನ ಮೂರ್ನಾಲ್ಕು ಇಂಚು ಮೇಲೆ ಏರ್ಸಿ, ಪರವಾಗಿಲ್ಲ. ಐದಡಿ ಮೇಲೆ ಏರ್ಸೋ ಇಂಟೀರಿಯರ್‌ನವ್ರ ಮಾತು ಮಾತ್ರ ಕೇಳ್ಬೇಡಿ, ಕತ್ತು ನೋವು ಗ್ಯಾರಂಟಿ. ಸೆಂಟರ್ ಮುಖ ಯೂನಿಟ್ ಅಂಚಿಗೆ ಸಮ ಇರ್ಲಿ, ಒಳಗೆ ತಳ್ಳಬೇಡಿ, ಮುಂದೆ ಕೆಳಗಡೆ ಒಂದು ರಬ್ಬರ್ ತುಂಡು ಕೊಟ್ಟು ಅಪ್ಪನ ಕಿವಿ ಕಡೆ ಸ್ವಲ್ಪ ಮೇಲೆತ್ತಿ.

ಎಡ ಬಲದ ಸ್ಪೀಕರ್ ಮಧ್ಯ ಏಳರಿಂದ ಒಂಬತ್ತು ಅಡಿ. ಕ್ರಾಸ್‌ಓವರ್ 80 ಹರ್ಟ್ಸ್, ಅಂದ್ರೆ ಅದಕ್ಕಿಂತ ತಗ್ಗಿನ ಸದ್ದು ಸಬ್ಬಿಗೆ ಹೋಗತ್ತೆ. ಸರೌಂಡ್ ಎರಡೂ ಕಿವಿಗಿಂತ ಒಂದಡಿ ಮೇಲೆ, ತಲೆಗಿಂತ ಸ್ವಲ್ಪ ಹಿಂದೆ. ಬಲಗಡೆ ಡೈನಿಂಗ್, ಗೋಡೆ ಇಲ್ಲ, ಅಲ್ಲಿ ಸ್ಟ್ಯಾಂಡ್ ಹಾಕಿ ಅಥವಾ ಹಿಂದಿನ ಗೋಡೆಗೆ ಬ್ರ್ಯಾಕೆಟ್. ಆಮೇಲೆ ರಿಸೀವರ್ ಜೊತೆ ಬರೋ ಮೈಕ್ ಇಟ್ಟು ಸೆಟ್ಟಿಂಗ್ ಓಡ್ಸಿ, ಫ್ಯಾನ್ ಆಫ್ ಮಾಡಿ, ಮೈಕು ಅಪ್ಪನ ತಲೆ ಇರೋ ಕಡೆ ಇಡಿ, ನಿಮ್ಮ ತಲೆ ಕಡೆ ಅಲ್ಲ.

ಉತ್ತರಹಳ್ಳಿ_ಹಾಲ್ · ಮೂರು ವಾರದ ನಂತರ, ಭಾನುವಾರ ರಾತ್ರಿ 8:30

ಎಲ್ಲಾ ಬಂತು, ಕೂತೂ ಆಯ್ತು. 65 ಇಂಚಿನ ಟಿವಿ, 5.1 ರಿಸೀವರು, ಎಡ ಬಲಕ್ಕೆ ಬುಕ್‌ಶೆಲ್ಫು, ಅದೇ ಸೀರೀಸಿನ ಸೆಂಟರು, ಸಣ್ಣ ಸರೌಂಡು ಎರಡು, 8 ಇಂಚಿನ ಸಬ್ಬು. ಬಜೆಟ್ಟಿಗಿಂತ ಏಳು ಸಾವಿರ ಜಾಸ್ತಿ ಆಯ್ತು. ನಮ್ಮದು ಬ್ಲಾಕ್ ಗೋಡೆ, ಉದ್ದದ ಆಂಕರೇ ಹಾಕಿಸ್ದೆ. ಮೌಂಟ್ ಹಾಕೋಕೆ ಬಂದಿದ್ದ ಹುಡುಗ ಮಾಮೂಲಿ ಪ್ಲಗ್ಗೇ ಸಾಕು ಅಂದ, ನಾನು ಬಿಡ್ಲಿಲ್ಲ. ಯೂನಿಟ್ ಹಳೇದೇ, ಟಿವಿ ನಾಲ್ಕು ಇಂಚು ಮೇಲೇರಿಸ್ದೆ. ನ್ಯೂಟ್ರಲ್ ಅರ್ತ್ ಮಧ್ಯ 9 ವೋಲ್ಟ್ ಬಂತು, ಅಪಾರ್ಟ್‌ಮೆಂಟ್ ಅರ್ತ್ ಪಿಟ್ಟಲ್ಲಿ ನೀರೇ ಹಾಕಿರ್ಲಿಲ್ಲವಂತೆ, ಕಮಿಟಿಗೆ ಹೇಳಿ ಸರಿ ಮಾಡಿಸಿದ್ವಿ.

ಎರಡು ತೊಂದ್ರೆ. ಒಂದು, ತುಟಿ ಮೊದ್ಲು ಆಡತ್ತೆ ಮಾತು ಆಮೇಲೆ ಬರತ್ತೆ, ಆ್ಯಪಲ್ಲಿ ನೋಡಿದಾಗ ಮಾತ್ರ. ಎರಡು, ಮಾತು ಜೋರಾಗಿದೆ, ಆದ್ರೂ ಅಪ್ಪ "ಬಾವಿಯೊಳಗಿಂದ ಮಾತಾಡ್ದಂಗಿದೆ" ಅಂತಾರೆ.

ವೈರಿಂಗ್_ಕೆಲಸ · ಭಾನುವಾರ ರಾತ್ರಿ 8:52

9 ವೋಲ್ಟ್! ನೋಡಿಸಿದ್ದು ಒಳ್ಳೇದಾಯ್ತು ಸರ್, ಇಡೀ ಬಿಲ್ಡಿಂಗಿಗೇ ಉಪಕಾರ ಮಾಡಿದ್ರಿ.

ಬಸವನಗುಡಿ_ಕಿವಿ · ಭಾನುವಾರ ರಾತ್ರಿ 9:20

ತುಟಿ ವಿಷ್ಯ ಮೊದ್ಲು. ಆ್ಯಪಲ್ಲಿ ಮಾತ್ರ ಅಂದ್ರೆ ಟಿವಿ ಸೌಂಡನ್ನ ತಡವಾಗಿ ಕಳಿಸ್ತಿದೆ. ಟಿವಿಯ ಸೌಂಡ್ ಸೆಟ್ಟಿಂಗಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಇದ್ರೆ ಪಾಸ್-ಥ್ರೂ ಅಥವಾ ಬಿಟ್‌ಸ್ಟ್ರೀಮಿಗೆ ಹಾಕಿ, ಆಗ ಟಿವಿ ಸೌಂಡನ್ನ ತಾನು ಬಿಡಿಸ್ದೆ ಹಾಗೇ ರಿಸೀವರಿಗೆ ಕಳಿಸತ್ತೆ, ಡಿಲೇ ಅಂತ ಇದ್ರೆ ಸೊನ್ನೆಗೆ ತನ್ನಿ, ರಿಸೀವರಲ್ಲೂ ಆಟೋ ಲಿಪ್ ಸಿಂಕ್ ಒಂದು ಸಲ ಆಫ್ ಮಾಡಿ ನೋಡಿ.

ಬಾವಿ ಅಂದ್ರಲ್ಲ, ಅಪ್ಪ ಸರಿಯಾಗೇ ಹೇಳಿದ್ದಾರೆ. ಅದು ಸ್ಪೀಕರ್ ದೋಷ ಅಲ್ಲ, ನಿಮ್ಮ ಟೈಲ್ಸು, ಗಾಜು. ಮಾತು ಒಂದು ಸಲ ನೇರ ಬರತ್ತೆ, ನೆಲಕ್ಕೆ ಬಡಿದು ಇನ್ನೊಂದು ಸಲ, ಗಾಜಿಗೆ ಬಡಿದು ಮತ್ತೊಂದು ಸಲ. ಕಿವಿ ಚೆನ್ನಾಗಿರೋರಿಗೆ ಮೆದುಳು ಅದನ್ನ ಬೇರ್ಪಡಿಸ್ಕೊಳ್ಳತ್ತೆ, ಒಂದು ಕಿವಿ ಮಂದ ಇರೋರಿಗೆ ಕಷ್ಟ. ಸೋಫಾ ಮುಂದಿನ ನೆಲಕ್ಕೆ ದಪ್ಪ ಹಾಸು ಹಾಕಿ, ಬಾಲ್ಕನಿಗೆ ಭಾರದ ಬಟ್ಟೆಯ ಪರದೆ, ಗಾಜಿನ ಅಗಲಕ್ಕಿಂತ ಎರಡು ಪಟ್ಟು ಬಟ್ಟೆ ತಗೊಂಡು ಮಡಿಕೆ ಬರೋ ಹಾಗೆ ಹೊಲಿಸಿ. ಚಿಕ್ಕಪೇಟೆ ಕಡೆ ಹೋದ್ರೆ ಮೀಟರ್ ಲೆಕ್ಕದಲ್ಲಿ ಸಿಗತ್ತೆ. ಮೊಟ್ಟೆ ಟ್ರೇ ಅಂಟಿಸೋದು, ತೆಳು ಫೋಮು, ಅವಕ್ಕೆ ಹೋಗ್ಬೇಡಿ. ಮತ್ತೆ ಸೆಂಟರನ್ನ ಮಾತ್ರ ಎರಡು ಮೂರು ಡೆಸಿಬೆಲ್ ಏರ್ಸಿ.

ಮಲ್ಲೇಶ್ವರ_ಹಳೇಮನೆ · ಭಾನುವಾರ ರಾತ್ರಿ 9:45

ಅಟ್ಟದ ಮೇಲೆ ಹಳೇ ಜಮಖಾನ ಇರತ್ತೆ ಎಲ್ರ ಮನೇಲೂ, ಅದನ್ನ ಇಳಿಸಿ. ಅದರ ಕೆಳಗೆ ಒಂದು ಕಂಬಳಿ ಹಾಸಿ, ಬರೀ ಜಮಖಾನ ತೆಳು ಆಗತ್ತೆ.

ಉತ್ತರಹಳ್ಳಿ_ಹಾಲ್ · ಮುಂದಿನ ಶನಿವಾರ ರಾತ್ರಿ 11:05

ತುಟಿ ಸರಿಹೋಯ್ತು, ಪಾಸ್-ಥ್ರೂ ಹಾಕಿದ ತಕ್ಷಣ. ಅಮ್ಮನ ಮದ್ವೇಲಿ ತವರಿಂದ ಬಂದ ಜಮಖಾನ ಅಟ್ಟದಲ್ಲೇ ಇತ್ತು, ಕೆಳಗೆ ಎರಡು ಕಂಬಳಿ ಹಾಕಿ ಹಾಸಿದ್ವಿ. ಪರದೆ ಗುರುವಾರ ಬಂತು. ಚಪ್ಪಾಳೆ ತಟ್ಟಿದ್ರೆ ಈಗ ಟಪ್ ಅಂತ ಅಲ್ಲೇ ನಿಲ್ಲತ್ತೆ.

ಇವತ್ತು ಸಾಯಂಕಾಲ ಅಣ್ಣಾವ್ರದೊಂದು ಹಳೇ ಸಿನಿಮಾ ಹಾಕಿದ್ವಿ, ಎಳೀದೆ, ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟು. ಹಳೇ ಸಿನಿಮಾ ಮೋನೋ ಅಲ್ವಾ, ರಿಸೀವರಲ್ಲಿ ಡಾಲ್ಬಿ ಸರೌಂಡ್ ಹಾಕಿದ್ರೆ ಪೂರ್ತಿ ಧ್ವನಿ ಸೆಂಟರಿಂದಾನೇ ಬಂತು, ಅವ್ರು ಎದುರಿಗೆ ನಿಂತು ಮಾತಾಡ್ದಂಗೆ. ಅಪ್ಪ ಎರಡೂಮುಕ್ಕಾಲು ಗಂಟೆ ಕದಲ್ಲಿಲ್ಲ. ಒಂದ್ಸಲಾನೂ "ಏನಂದ" ಅನ್ಲಿಲ್ಲ. ಮುಗಿದ್ಮೇಲೆ ಚಿಕ್ಕವರಿದ್ದಾಗ ಮೆಜೆಸ್ಟಿಕ್ಕಿಗೆ ನಡ್ಕೊಂಡು ಹೋಗಿ ನೋಡಿದ್ದನ್ನ ಅಮ್ಮಂಗೆ ಹೇಳ್ತಾ ಕೂತಿದ್ದಾರೆ, ನಾನು ಅಡುಗೆಮನೇಲಿ ನಿಂತು ಇದನ್ನ ಟೈಪ್ ಮಾಡ್ತಿದೀನಿ.

ಹತ್ತು ಗಂಟೆಗೆ ಸಬ್ ಆಫ್ ಮಾಡಿದೀನಿ, ಕೆಳಗಿನ ಮನೆಗೆ ಹೋಗಿ ಸದ್ದು ಬರತ್ತಾ ಅಂತ ನಾಳೆ ಕೇಳ್ಕೊಂಡು ಬರ್ತೀನಿ. ಬಸವನಗುಡಿ ಸರ್, ಅಪ್ಪ ನಿಮ್ಮನ್ನ ಊಟಕ್ಕೆ ಕರೀತಿದ್ದಾರೆ, ಮುಂದಿನ ಭಾನುವಾರ ಬರ್ತೀರಾ? ಬರೋವಾಗ ಸಾಧ್ಯ ಆದ್ರೆ ಬಲಗಡೆ ಸರೌಂಡ್ ಒಂದ್ಸಲ ನೋಡಿ, ಸ್ಟ್ಯಾಂಡ್ ಮೇಲಿದೆ, ಡೈನಿಂಗ್ ಟೇಬಲ್ಲಿಗೆ ಅಡ್ಡ ಬರ್ತಿದೆ ಅಂತ ಅಮ್ಮ ಹೇಳ್ತಿದ್ದಾರೆ.

ಬಸವನಗುಡಿ_ಕಿವಿ · ಶನಿವಾರ ರಾತ್ರಿ 11:20

ಖಂಡಿತ ಬರ್ತೀನಿ ಸರ್. ಹಿಂದಿನ ಗೋಡೆಗೆ ಬ್ರ್ಯಾಕೆಟ್ಟೇ ಹಾಕ್ಬಿಡೋಣ, ನಾನು ಡ್ರಿಲ್ ತರ್ತೀನಿ, ಉಳಿದಿರೋ ಆಂಕರ್ ಎರಡಿದ್ರೆ ತೆಗ್ದಿಡಿ.